ಪೋರ್ಟ್ ಲೂಯಿ ನಗರದ ಒಂದು ದಿನದ ಪ್ರವಾಸ

ಪೋರ್ಟ್ ಲೂಯಿ ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿರುವ ದ್ವೀಪರಾಷ್ಟ್ರವಾದ ಮಾರಿಷಸ್‌ನ ರಾಜಧಾನಿ ಹಾಗೂ ಮುಖ್ಯ ಬಂದರು. ಇಂಗ್ಲಿಷಿನ ರೂಢಿಯಂತೆ ಇದನ್ನು ಪೋರ್ಟ್ ಲೂಯಿಸ್ ಎಂದೂ ಬರೆಯುವುದುಂಟು. ಕಡಲತೀರದ ವಿಹಾರಕ್ಕಾಗಿ ಮಾರಿಷಸ್ಸಿಗೆ ಬರುವವರು ಸಾಮಾನ್ಯವಾಗಿ ಉತ್ತರದ ಗ್ರಾಂಡ್ ಬೇ, ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್, ಪೂರ್ವದ ಬೆಲ್ ಮಾರ್ ಮೊದಲಾದ ಮರಳದಂಡೆಗಳಲ್ಲಿ ತಂಗಿ, ರಾಜಧಾನಿಗೆ ಒಂದು ದಿನವನ್ನು ಮಾತ್ರ ಮೀಸಲಿಡುತ್ತಾರೆ. ನೋಡುವ ತಾಣಗಳು, ಕೊಳ್ಳುವ ಪೇಟೆ, ಉಣ್ಣುವ ಅಂಗಡಿಗಳು ಈ ನಗರದಲ್ಲಿ ಕಾಲ್ನಡಿಗೆಯ ಅಂತರದಲ್ಲಿಯೇ ಇರುವುದರಿಂದ ಆ ಒಂದು ದಿನ ಸಾಲುತ್ತದೆ. ಇಲ್ಲಿನ ಸಂತೆಯಲ್ಲಿ ಮಾರಾಟವಾಗುವ ತಿನಿಸುಗಳೂ ತರಕಾರಿಗಳ ಹೆಸರುಗಳೂ ಬಂದರಿನ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಬಂದ ಭಾರತೀಯ ಕೂಲಿಕಾರರ ಚರಿತ್ರೆಯೊಂದಿಗೆ ನೇರವಾಗಿ ಹೆಣೆದುಕೊಂಡಿವೆ. ಆ ಮೆಟ್ಟಿಲುಗಳನ್ನು ನೋಡದೆ ಸಂತೆಯನ್ನು ಮಾತ್ರ ನೋಡಿ ಹಿಂದಿರುಗಿದವರಿಗೆ ನಗರದ ಅರ್ಧ ಭಾಗವಷ್ಟೇ ಕಂಡಂತೆ.

ಹಿನ್ನೆಲೆ

ಮಾರಿಷಸ್‌ನಲ್ಲಿ ಮೂಲನಿವಾಸಿಗಳಿರಲಿಲ್ಲ. 1598ರಲ್ಲಿ ಇಲ್ಲಿಗೆ ಬಂದ ಡಚ್ಚರು ತಮ್ಮ ನಾಯಕನಾದ ಮಾರಿಸ್‌ನ ಹೆಸರನ್ನು ದ್ವೀಪಕ್ಕಿಟ್ಟರು. 1710ರಲ್ಲಿ ಅವರು ದ್ವೀಪವನ್ನು ತೊರೆದರು. 1715ರಲ್ಲಿ ಫ್ರೆಂಚರು ಅದನ್ನು ವಶಪಡಿಸಿಕೊಂಡರು. 1735ರಲ್ಲಿ ಗವರ್ನರ್ ಆಗಿ ಬಂದ ಮಾಯೆ ದ ಲಾಬೂರ್ದೊನೆ ಪೋರ್ಟ್ ಲೂಯಿಯನ್ನು ನೌಕಾನೆಲೆಯಾಗಿಯೂ ಪಟ್ಟಣವಾಗಿಯೂ ಕಟ್ಟಿದನು. ಕಟ್ಟಿದವನು ಅವನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಲ್ಲು ಹೊತ್ತವರು ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದಿಂದ ತರಲಾದ ಗುಲಾಮರು, ಕುಶಲ ಕೆಲಸಕ್ಕೆ ಒದಗಿದವರು ಪುದುಚೇರಿಯಿಂದ ಬಂದ ತಮಿಳು ಕಸುಬುದಾರರು. 1810ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದರಾದರೂ ಫ್ರೆಂಚ್ ಭಾಷೆ, ಕಾನೂನು ಮತ್ತು ಆಚಾರಗಳನ್ನು ಉಳಿಸಿದರು. ಆದ್ದರಿಂದಲೇ ಇಂದಿಗೂ ಕಚೇರಿಯ ಕಾಗದ ಇಂಗ್ಲಿಷಿನಲ್ಲಿ, ಪತ್ರಿಕೆ ಫ್ರೆಂಚಿನಲ್ಲಿ, ಬೀದಿಯ ಮಾತು ಕ್ರಿಯೋಲ್‌ನಲ್ಲಿ ನಡೆಯುತ್ತದೆ. ಮಾರಿಷಸ್ 1968ರ ಮಾರ್ಚ್ 12ರಂದು ಸ್ವತಂತ್ರವಾಗಿ, 1992ರ ಅದೇ ದಿನಾಂಕದಂದು ಗಣರಾಜ್ಯವಾಯಿತು. ಈ ದಿನಾಂಕವನ್ನು ಗಾಂಧೀಜಿಯವರ ದಂಡಿ ಯಾತ್ರೆ ಆರಂಭವಾದ ದಿನದ ನೆನಪಿಗಾಗಿ ಆರಿಸಲಾಯಿತು. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಹಿಂದಿರುಗುವಾಗ 1901ರಲ್ಲಿ ಕೆಲವು ವಾರ ಈ ದ್ವೀಪದಲ್ಲಿ ತಂಗಿದ್ದರು.

ತಲುಪುವ ಬಗೆ

ವಿಮಾನ ನಿಲ್ದಾಣವು ದ್ವೀಪದ ಆಗ್ನೇಯ ಭಾಗದ ಪ್ಲೆಸಾನ್ಸ್‌ನಲ್ಲಿದೆ, ರಾಜಧಾನಿ ವಾಯವ್ಯದಲ್ಲಿದೆ. ದ್ವೀಪ ಚಿಕ್ಕದಾದ್ದರಿಂದ ಯಾವ ದಂಡೆಯಿಂದ ಹೊರಟರೂ ಬೆಳಗಿನ ಪ್ರಯಾಣದಲ್ಲಿ ನಗರವನ್ನು ತಲುಪಬಹುದು. ಉತ್ತರದ ಊರುಗಳ ಬಸ್ಸುಗಳು ಇಮಿಗ್ರೇಷನ್ ಸ್ಕ್ವೇರ್‌ಗೂ ದಕ್ಷಿಣದವು ವಿಕ್ಟೋರಿಯಾ ಸ್ಕ್ವೇರ್‌ಗೂ ಬರುತ್ತವೆ. ಭಾರತ ಸರ್ಕಾರದ ನೆರವಿನಿಂದ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆ ನಿರ್ಮಿಸಿದ ಮೆಟ್ರೊ ಎಕ್ಸ್‌ಪ್ರೆಸ್ ಎಂಬ ಲಘು ರೈಲು ಪೋರ್ಟ್ ಲೂಯಿಯನ್ನು ರೋಸ್ ಹಿಲ್, ಕ್ಯೂರ್ಪಿಪ್ ಮೊದಲಾದ ಮೇಲ್ನಾಡಿನ ಪಟ್ಟಣಗಳೊಂದಿಗೆ ಜೋಡಿಸುತ್ತದೆ. ಬೆಟ್ಟಗಳ ಮರೆಯಲ್ಲಿರುವ ನಗರವು ಮೇಲ್ನಾಡಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ನಡುಬೇಸಗೆಯ ಜನವರಿ, ಫೆಬ್ರವರಿಗಳಲ್ಲಿ ಚಂಡಮಾರುತದ ಭಯವೂ ಉಂಟು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಕಾಲ ನಡೆದಾಡಲು ಹಿತಕರ. ದಕ್ಷಿಣ ಗೋಳಾರ್ಧವಾದ್ದರಿಂದ ಅಲ್ಲಿ ಅದು ಚಳಿಗಾಲ.

ಆಪ್ರವಾಸಿ ಘಾಟ್

ದಿನವನ್ನು ಇಲ್ಲಿಂದ ಆರಂಭಿಸುವುದು ಸೂಕ್ತ. ಟ್ರೂ ಫಾನ್‌ಫರೋನ್ ಎಂಬ ಹಳೆಯ ಒಳಬಂದರಿನ ಅಂಚಿನಲ್ಲಿರುವ ಈ ತಾಣವು ಭವ್ಯವಾದ ಕಟ್ಟಡವಲ್ಲ. ಕಪ್ಪು ಕಲ್ಲಿನ ಕೆಲವು ಕೋಣೆಗಳು, ಅಡಿಪಾಯದ ಗುರುತುಗಳು, ಒಂದು ದ್ವಾರ ಮತ್ತು 16 ಮೆಟ್ಟಿಲುಗಳು ಇಷ್ಟೇ ಉಳಿದಿರುವುದು. 1849ರಲ್ಲಿ ಸ್ಥಾಪನೆಯಾದ ವಲಸೆ ಕೇಂದ್ರದ ಬಹುಪಾಲು ರಚನೆಗಳು ಅಳಿದುಹೋಗಿವೆ. ಆದರೂ ಯುನೆಸ್ಕೊ ಇದನ್ನು 2006ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕಟ್ಟಡದ ಅಂದಕ್ಕಾಗಿ ಅಲ್ಲ, ಇಲ್ಲಿ ನಡೆದ ಘಟನೆಯ ಮಹತ್ವಕ್ಕಾಗಿ.

ಬ್ರಿಟಿಷ್ ಸಾಮ್ರಾಜ್ಯವು ಗುಲಾಮಗಿರಿಯನ್ನು ರದ್ದುಪಡಿಸಿದ ಆಜ್ಞೆ ಮಾರಿಷಸ್‌ನಲ್ಲಿ 1835ರ ಫೆಬ್ರವರಿ 1ರಂದು ಜಾರಿಗೆ ಬಂತು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಗುಲಾಮರ ಬದಲಿಗೆ ಕರಾರಿನ ಮೇಲೆ ಕೂಲಿಗಳನ್ನು ತರಿಸುವ ವ್ಯವಸ್ಥೆಯನ್ನು ಬ್ರಿಟಿಷರು ಇಲ್ಲಿ ಪರೀಕ್ಷಿಸಿ ನೋಡಿದರು; ಅವರೇ ಅದನ್ನು 'ಮಹಾ ಪ್ರಯೋಗ' ಎಂದು ಕರೆದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಲ್ಲಿ ಕೋಲ್ಕತ್ತದಿಂದ 36 ಮಂದಿ ಬಂದಿಳಿದರು. ತಿಂಗಳಿಗೆ ಐದು ರೂಪಾಯಿ ಕೂಲಿಯ ಮಾತಾಗಿತ್ತು. ಪ್ರಯೋಗವು ತೋಟಗಾರರ ದೃಷ್ಟಿಯಲ್ಲಿ ಯಶಸ್ವಿಯಾದ್ದರಿಂದ ಮುಂದೆ ಟ್ರಿನಿಡಾಡ್, ಗಯಾನಾ, ಫಿಜಿ, ದಕ್ಷಿಣ ಆಫ್ರಿಕಾಗಳಿಗೂ ಅದೇ ಮಾದರಿ ಹರಡಿತು. ಕೋಲ್ಕತ್ತ, ಮದ್ರಾಸ್, ಮುಂಬಯಿ ಬಂದರುಗಳಿಂದ ಮಾರಿಷಸ್ಸಿಗೆ ಬಂದವರ ಸಂಖ್ಯೆ ನಾಲ್ಕೂವರೆ ಲಕ್ಷವನ್ನು ಮೀರುತ್ತದೆ. ಬಿಹಾರ ಮತ್ತು ಅದರ ಸುತ್ತಿನ ಭೋಜಪುರಿ ಸೀಮೆಯವರು ಅತಿ ಹೆಚ್ಚು. ತಮಿಳರು, ತೆಲುಗರು, ಮರಾಠಿಗರು ಗಣನೀಯ ಸಂಖ್ಯೆಯಲ್ಲಿದ್ದರು.

ಹಡಗಿನಿಂದ ಇಳಿದವರು ದೋಣಿಯಲ್ಲಿ ದಡಕ್ಕೆ ಬಂದು ಈ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಕೇಂದ್ರದಲ್ಲಿ ಹೆಸರು, ಊರು, ಜಾತಿ, ದೇಹದ ಗುರುತುಗಳನ್ನು ದಾಖಲಿಸಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ಕೊಡಲಾಗುತ್ತಿತ್ತು. ಒಂದೆರಡು ದಿನಗಳ ಬಳಿಕ ತೋಟಗಳಿಗೆ ಹಂಚಿಕೆ. ಒಂದು ದಿನ ಗೈರುಹಾಜರಾದರೆ ಎರಡು ದಿನದ ಕೂಲಿಯನ್ನು ಕಡಿಯುವ 'ಡಬಲ್ ಕಟ್' ಎಂಬ ಪದ್ಧತಿ ತೋಟಗಳಲ್ಲಿ ಬಹುಕಾಲ ನಡೆಯಿತು. ಕಾಗದದ ಮೇಲೆ ಇವರು ಸ್ವತಂತ್ರರು. ತೋಟವನ್ನು ಬಿಟ್ಟು ಹೊರಗೆ ಕಾಲಿಡಲು ಚೀಟಿ ಬೇಕಿತ್ತು. ಗುಲಾಮಗಿರಿಗೂ ಇದಕ್ಕೂ ಎಷ್ಟು ಅಂತರವಿತ್ತು ಎಂಬ ಪ್ರಶ್ನೆಯನ್ನು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ.

ಈ ಸ್ಥಳದ ಹಳೆಯ ಹೆಸರು 'ಕೂಲಿ ಘಾಟ್'. ಆ ಮಾತಿನಲ್ಲಿದ್ದ ತಾತ್ಸಾರವನ್ನು ತೊಡೆಯಲು ವಲಸಿಗ ಎಂಬ ಅರ್ಥದ 'ಆಪ್ರವಾಸಿ' ಎಂಬ ಹಿಂದಿ ಪದವನ್ನು ಬಳಕೆಗೆ ತರಲಾಯಿತು. ಪಕ್ಕದಲ್ಲಿರುವ ಬೀಕ್ರಮ್‌ಸಿಂಗ್ ರಾಮ್‌ಲಲ್ಲಾ ವಿವರಣಾ ಕೇಂದ್ರದಲ್ಲಿ ಕರಾರು ಕೂಲಿಯ ಕಥನವನ್ನು ಚಿತ್ರ, ದಾಖಲೆ, ಮಾದರಿಗಳ ಮೂಲಕ ನಿರೂಪಿಸಲಾಗಿದೆ. ಮೂಲ ದಾಖಲೆಗಳಾದ ವಲಸೆ ಪುಸ್ತಕಗಳೂ ಕೂಲಿಕಾರರ ಭಾವಚಿತ್ರಗಳೂ ನಗರದ ಹೊರಗೆ ಮೋಕಾ ಎಂಬಲ್ಲಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ತಮ್ಮ ಮುತ್ತಜ್ಜನ ಊರು ಯಾವುದೆಂದು ಹುಡುಕುವ ಮಾರಿಷಸ್ಸಿಗರು ಆ ಸಂಖ್ಯೆಯನ್ನು ಹಿಡಿದು ಅಲ್ಲಿಗೆ ಹೋಗುತ್ತಾರೆ. ಹೆಸರನ್ನು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡದ್ದರಿಂದ, ಅನೇಕರ ಪಾಲಿಗೆ ಹೆಸರಿಗಿಂತ ಸಂಖ್ಯೆಯೇ ನಂಬಲರ್ಹವಾದ ಸುಳಿವಾಗಿದೆ. ನವೆಂಬರ್ 2 ಈಗ ರಾಷ್ಟ್ರೀಯ ರಜಾದಿನ. ಫೆಬ್ರವರಿ 1 ಕೂಡ ಹಾಗೆಯೇ.

ಘಾಟ್‌ಗೆ ಸಮೀಪದಲ್ಲಿಯೇ ಲಾಬೂರ್ದೊನೆಯ ಕಾಲದ ಸೈನಿಕ ಆಸ್ಪತ್ರೆಯ ಕಲ್ಲಿನ ಕಟ್ಟಡವಿದೆ. ಗುಲಾಮರ ದುಡಿಮೆಯಿಂದ ಎದ್ದ ಈ ಕಟ್ಟಡದಲ್ಲಿ ಗುಲಾಮಗಿರಿಯ ಚರಿತ್ರೆಯನ್ನು ಕುರಿತ ವಸ್ತುಸಂಗ್ರಹಾಲಯವು 2023ರಲ್ಲಿ ಆರಂಭವಾಯಿತು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ದ್ವೀಪದ ಜನಸಮುದಾಯ ಹೇಗೆ ರೂಪುಗೊಂಡಿತೆಂಬುದು ಸ್ಪಷ್ಟವಾಗುತ್ತದೆ.

ಕೇಂದ್ರ ಮಾರುಕಟ್ಟೆ

ಘಾಟ್‌ನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಕೇಂದ್ರ ಮಾರುಕಟ್ಟೆ ಸಿಗುತ್ತದೆ. ಸ್ಥಳೀಯರು ಇದನ್ನು 'ಬಜಾರ್' ಎನ್ನುತ್ತಾರೆ. ಇದರ ಕಬ್ಬಿಣದ ದ್ವಾರದಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಮೊದಲಕ್ಷರಗಳಿವೆ. ಕೆಳಗಿನ ಅಂಗಳ ತರಕಾರಿ, ಹಣ್ಣುಗಳಿಗೆ. ಮೇಲಿನ ಅಂತಸ್ತು ಬಟ್ಟೆ ಮತ್ತು ಕರಕುಶಲ ವಸ್ತುಗಳಿಗೆ. ಮಾಂಸ, ಮೀನುಗಳ ಮಾರಾಟಕ್ಕೆ ಬೇರೆ ವಿಭಾಗವಿದೆ.

ಕರ್ನಾಟಕದಿಂದ ಹೋದವರಿಗೆ ತರಕಾರಿ ಅಂಗಳದಲ್ಲಿ ಅಚ್ಚರಿ ಕಾದಿರುತ್ತದೆ. ಬದನೆ, ಹೀರೆ, ಹಾಗಲ, ಸೋರೆ, ಬೆಂಡೆ, ಸೀಮೆಬದನೆ ಎಲ್ಲವೂ ಪರಿಚಿತ. ಇನ್ನೂ ಸ್ವಾರಸ್ಯಕರವಾದುದು ಕೆಲವು ಹೆಸರುಗಳು. ಕೊತ್ತಂಬರಿ ಸೊಪ್ಪಿಗೆ ಕ್ರಿಯೋಲ್ ಭಾಷೆಯಲ್ಲಿ 'ಕೋತೋಮಿಲಿ' ಎನ್ನುತ್ತಾರೆ, ಕರಿಬೇವಿಗೆ 'ಕಾರಿಪುಲೆ', ನುಗ್ಗೆಸೊಪ್ಪಿಗೆ 'ಬ್ರೆದ್ ಮುರುಮ್'. ಮೂರರಲ್ಲಿಯೂ ತಮಿಳಿನ ಕೊತ್ತಮಲ್ಲಿ, ಕರಿವೇಪ್ಪಿಲೈ, ಮುರುಂಗೈ ಎಂಬ ಪದಗಳು ಅಡಗಿವೆ. 'ಬ್ರೆದ್' ಎಂದರೆ ಸೊಪ್ಪು. ಮನೆಯಲ್ಲಿ ತಮಿಳು ಆಡುವುದನ್ನು ತಲೆಮಾರುಗಳ ಹಿಂದೆಯೇ ಬಿಟ್ಟ ಕುಟುಂಬಗಳೂ, ತಮಿಳಿನೊಂದಿಗೆ ಸಂಬಂಧವೇ ಇಲ್ಲದ ಆಫ್ರಿಕಾ ಮೂಲದ ಕುಟುಂಬಗಳೂ ಈ ಪದಗಳನ್ನು ನಿತ್ಯವೂ ಬಳಸುತ್ತವೆ. ಗಿಡಮೂಲಿಕೆಗಳ ಕಷಾಯವನ್ನು ಕಟ್ಟುಕಟ್ಟಾಗಿ ಮಾರುವ ಅಂಗಡಿಗಳೂ ಇಲ್ಲಿವೆ. ಪ್ರತಿ ಕಟ್ಟಿನ ಮೇಲೆ ಅದು ಯಾವ ರೋಗಕ್ಕೆ ಎಂಬ ಬರಹವಿರುತ್ತದೆ. ಬರಹದಷ್ಟು ಗುಣ ಮೂಲಿಕೆಯಲ್ಲಿದೆಯೆಂದು ನಂಬಬೇಕಾಗಿಲ್ಲ.

ಮೇಲಿನ ಅಂತಸ್ತಿನಲ್ಲಿ ಚೌಕಾಸಿ ಸಾಮಾನ್ಯ. ಮೊದಲು ಹೇಳಿದ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಮಾರುವವರೂ ಅದನ್ನು ನಿರೀಕ್ಷಿಸುವುದಿಲ್ಲ. ಕೆಳಗಿನ ತರಕಾರಿಗೆ ಇದು ಅಷ್ಟಾಗಿ ಅನ್ವಯಿಸದು. ಬುಟ್ಟಿ, ಮರದ ಕೆತ್ತನೆ ಮೊದಲಾದ 'ಸ್ಥಳೀಯ' ವಸ್ತುಗಳಲ್ಲಿ ಅನೇಕವು ಮಡಗಾಸ್ಕರ್‌ನಿಂದ ಬಂದವು. ಕೊಳ್ಳಲು ಅಡ್ಡಿಯಿಲ್ಲ, ತಿಳಿದು ಕೊಳ್ಳಬೇಕು. ದ್ವೀಪದ್ದೇ ಎನ್ನಬಹುದಾದ ಸರಕುಗಳೆಂದರೆ ಸಂಸ್ಕರಿಸದ ಕಂದು ಸಕ್ಕರೆ, ವೆನಿಲ್ಲಾ ಪರಿಮಳದ ಚಹಾ, ಕಬ್ಬಿನ ರಮ್ ಮತ್ತು ಹಳೆಯ ನೌಕೆಗಳ ಮರದ ಮಾದರಿಗಳು. ನೌಕಾ ಮಾದರಿಗಳ ತಯಾರಿಕೆ 1960ರ ದಶಕದಲ್ಲಿ ಹವ್ಯಾಸವಾಗಿ ಮೊದಲಾಗಿ ಗೃಹೋದ್ಯಮವಾಗಿ ಬೆಳೆಯಿತು.

ಕೊಳ್ಳುವಾಗ ಕೈಗೆ ಬರುವ ನೋಟನ್ನು ಒಮ್ಮೆ ಗಮನಿಸಬೇಕು. ಮಾರಿಷಸ್ 1877ರಿಂದ ತನ್ನದೇ ರೂಪಾಯಿಯನ್ನು ಬಳಸುತ್ತಿದೆ. ನೋಟಿನ ಮೇಲೆ ಇಂಗ್ಲಿಷಿನ ಜೊತೆಗೆ ತಮಿಳು ಮತ್ತು ದೇವನಾಗರಿ ಲಿಪಿಗಳಲ್ಲಿಯೂ ಮೌಲ್ಯ ಮುದ್ರಿತವಾಗಿದೆ. 1998ರಲ್ಲಿ ಹೊರಬಂದ ಹೊಸ ನೋಟುಗಳಲ್ಲಿ ತಮಿಳಿನ ಸ್ಥಾನವನ್ನು ದೇವನಾಗರಿಯ ಕೆಳಕ್ಕೆ ತಂದಾಗ ತಮಿಳು ಮೂಲದವರು ತೀವ್ರವಾಗಿ ಪ್ರತಿಭಟಿಸಿದರು. ದ್ವೀಪಕ್ಕೆ ಮೊದಲು ಬಂದವರು ತಾವೆಂಬುದು ಅವರ ವಾದ. ನೋಟುಗಳನ್ನು ಹಿಂತೆಗೆದುಕೊಂಡು ಹಳೆಯ ಕ್ರಮದಲ್ಲಿ ಮರುಮುದ್ರಿಸಬೇಕಾಯಿತು. ಹೊರಗಿನವರಿಗೆ ಒಂದು ಸಾಲಿನ ಹೆಚ್ಚುಕಡಿಮೆಯಾಗಿ ಕಾಣುವ ವಿಷಯ ಅಲ್ಲಿ ಯಾರು ಮೊದಲು ದಡ ಹತ್ತಿದರೆಂಬ ಪ್ರಶ್ನೆಯಾಗಿತ್ತು.

ಆಹಾರ

ನಗರದ ನಿಜವಾದ ಊಟ ಹೋಟೆಲಿನ ಒಳಗಲ್ಲ, ಬೀದಿಯ ಗಾಜಿನ ಪೆಟ್ಟಿಗೆಯಲ್ಲಿದೆ. ಎಲ್ಲಕ್ಕಿಂತ ಪ್ರಸಿದ್ಧವಾದುದು ದಾಲ್ ಪುರಿ. ಬೇಯಿಸಿದ ಬೇಳೆಯನ್ನು ಅರಿಸಿನದೊಂದಿಗೆ ನುಣ್ಣಗೆ ಪುಡಿಮಾಡಿ, ಮೈದಾ ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಬೆಲ್ಲ ಹಾಕದ ಹೋಳಿಗೆಯೆಂದರೆ ಕನ್ನಡಿಗರಿಗೆ ಅದರ ಚಿತ್ರ ಮೂಡುತ್ತದೆ. ಹೂರಣ ಮಾತ್ರ ಒದ್ದೆಯಲ್ಲ, ಪುಡಿಪುಡಿ. ಹೆಸರಿನಲ್ಲಿ ಪೂರಿ ಇದ್ದರೂ ಇದನ್ನು ಎಣ್ಣೆಯಲ್ಲಿ ಕರಿಯುವುದಿಲ್ಲ. ಯಾವಾಗಲೂ ಎರಡೆರಡನ್ನು ಜೋಡಿಯಾಗಿ ಕೊಡುತ್ತಾರೆ. ಒಳಗೆ ದಪ್ಪ ಅವರೆಯಂಥ ಕಾಳಿನ ಗೊಜ್ಜು, ರುಗಾಯ್ ಎಂಬ ಟೊಮೇಟೊ ಸಾರು, ಕೊತ್ತಂಬರಿ ಚಟ್ನಿ, ಬೇಕಾದರೆ ಹಸಿಮೆಣಸಿನಕಾಯಿಯ ಖಾರ ಹಚ್ಚಿ ಕಾಗದದಲ್ಲಿ ಸುತ್ತುತ್ತಾರೆ. ನಿಂತೇ ತಿನ್ನಬೇಕು. ಇದರ ಮೂಲ ಭೋಜಪುರಿ ಸೀಮೆಯ ದಾಲ್‌ಪೂರಿ. ಅಲ್ಲಿ ಅದು ಹಬ್ಬ, ಮದುವೆಗಳ ಅಡುಗೆ. ಕಬ್ಬಿನ ನಾಡಿನಲ್ಲಿ ಕಚೇರಿಯ ನೌಕರನಿಂದ ಹಮಾಲಿಯವರೆಗೆ ಎಲ್ಲರ ನಿತ್ಯದ ತಿಂಡಿಯಾಯಿತು. ಚೀನೀ ಮೂಲದವರೂ ಫ್ರೆಂಚ್ ಮೂಲದವರೂ ಒಂದೇ ಸಾಲಿನಲ್ಲಿ ನಿಂತು ಕೊಳ್ಳುವ ತಿನಿಸು ಇದು. ರಾಷ್ಟ್ರೀಯ ತಿಂಡಿಯೆಂದು ಇದನ್ನು ಕರೆಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

'ಗಾತೋ ಪಿಮಾ' ಎಂದರೆ ಕ್ರಿಯೋಲ್‌ನಲ್ಲಿ ಮೆಣಸಿನಕಾಯಿಯ ಕೇಕು. ತಿಂದು ನೋಡಿದರೆ ಅದು ಅಂಬೊಡೆ. ಗಾತ್ರ ಚಿಕ್ಕದು, ಆಕಾರ ಗುಂಡಗೆ. ಬೆಳಗಿನ ಹೊತ್ತು ಬೆಣ್ಣೆ ಹಚ್ಚಿದ ಫ್ರೆಂಚ್ ಬ್ರೆಡ್ಡಿನೊಳಗೆ ಇದನ್ನು ಒತ್ತಿ ತಿನ್ನುವುದು ರೂಢಿ. ತಮಿಳರ ವಡೆ ಫ್ರೆಂಚರ ರೊಟ್ಟಿಯನ್ನು ಸೇರಿದ ಈ ಉಪಾಹಾರ ದ್ವೀಪದ ಚರಿತ್ರೆಗೆ ಒಳ್ಳೆಯ ಉದಾಹರಣೆ. ಪರಾಠಾ ಇಲ್ಲಿ 'ಫರಾತಾ' ಆಗಿದೆ. ಅನಾನಸ್ ಹಣ್ಣನ್ನು ಸುರುಳಿಯಾಗಿ ಕೆತ್ತಿ ಉಪ್ಪು, ಖಾರ, ಹುಣಿಸೆಹಣ್ಣಿನ ರಸ ಹಚ್ಚಿ ಕೊಡುತ್ತಾರೆ. ಬಾಯಾರಿಕೆಗೆ 'ಅಲೂದಾ': ತಣ್ಣನೆಯ ಹಾಲು, ಕಾಮಕಸ್ತೂರಿ ಬೀಜ, ಅಗರ್ ಜೆಲ್ಲಿಯ ಎಳೆಗಳು. ಇದು ಫಾಲೂದಾದ ಹತ್ತಿರದ ಬಂಧು. ಮಾರುಕಟ್ಟೆಯ ಒಳಗಿನ ಅಲೂದಾ ಅಂಗಡಿಗಳ ಮುಂದೆ ಮಧ್ಯಾಹ್ನ ಜನ ಕಿಕ್ಕಿರಿಯುತ್ತಾರೆ.

ಚೀನೀಯರ ಕೊಡುಗೆ ಬೇರೆ ಬಗೆಯದು. ರಾಯಲ್ ರಸ್ತೆಯ ಸುತ್ತಲಿನ ಚೈನಾಟೌನ್‌ನಲ್ಲಿ ಹುರಿದ ನೂಡಲ್ಸ್ ಮತ್ತು ಸಾರಿನಲ್ಲಿ ತೇಲುವ 'ಬುಲೆತ್' ಎಂಬ ಉಂಡೆಗಳು ಸಿಗುತ್ತವೆ. ಉಂಡೆಗಳಲ್ಲಿ ಮೀನು, ಮಾಂಸ, ಸೀಮೆಬದನೆ ಎಂಬ ಬಗೆಗಳಿವೆ. ಸೀಮೆಬದನೆಯ ಉಂಡೆಯಲ್ಲಿಯೂ ಒಣಸಿಗಡಿ ಇರುವುದುಂಟಾದ್ದರಿಂದ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ದಾಲ್ ಪುರಿಗೆ ಆ ಆತಂಕ ಬಹುಮಟ್ಟಿಗೆ ಇಲ್ಲ. ಚೈನಾಟೌನ್‌ನ ನಡುವೆಯೇ 19ನೆಯ ಶತಮಾನದ ಜುಮ್ಮಾ ಮಸೀದಿ ಇದೆ. ಅದರ ಬಿಳಿಯ ಕಮಾನುಗಳು, ಕೆತ್ತನೆಯ ಮರದ ಬಾಗಿಲುಗಳು ನೋಡತಕ್ಕವು.

ವಸ್ತುಸಂಗ್ರಹಾಲಯಗಳು

ಬಿಸಿಲೇರಿದ ಮೇಲೆ ಒಳಗಿನ ತಾಣಗಳಿಗೆ ಹೋಗುವುದು ಜಾಣತನ. ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಡೋಡೊ ಪಕ್ಷಿಯ ಅಸ್ಥಿಪಂಜರವಿದೆ. ಮಾರಿಷಸ್‌ನಲ್ಲಿ ಮಾತ್ರ ಇದ್ದ, ಹಾರಲಾರದ ಈ ಪಕ್ಷಿ ಡಚ್ಚರು ಬಂದ ನೂರು ವರ್ಷಗಳೊಳಗೆ ಅಳಿದುಹೋಯಿತು. ಬೇಟೆಗಿಂತಲೂ ಹಡಗುಗಳೊಂದಿಗೆ ಬಂದ ಇಲಿ, ಹಂದಿ, ಕೋತಿಗಳು ಅದರ ಮೊಟ್ಟೆಗಳನ್ನು ತಿಂದದ್ದು ಹೆಚ್ಚಿನ ಕಾರಣವೆಂದು ತಜ್ಞರು ಭಾವಿಸುತ್ತಾರೆ. 1865ರಲ್ಲಿ ಜಾರ್ಜ್ ಕ್ಲಾರ್ಕ್ ಎಂಬ ಶಾಲಾ ಶಿಕ್ಷಕನು ಮಾರ್ ಓ ಸೋಂಜ್ ಎಂಬ ಜೌಗಿನಲ್ಲಿ ಡೋಡೊ ಎಲುಬುಗಳ ರಾಶಿಯನ್ನು ಕಂಡುಹಿಡಿದನು. ಜಗತ್ತಿನ ಬಹುತೇಕ ಅಸ್ಥಿಪಂಜರಗಳು ಅನೇಕ ಹಕ್ಕಿಗಳ ಎಲುಬುಗಳನ್ನು ಕೂಡಿಸಿ ಜೋಡಿಸಿದವು. ಪೋರ್ಟ್ ಲೂಯಿಯದು ಒಂದೇ ಹಕ್ಕಿಯ ಪೂರ್ಣ ಅಸ್ಥಿಪಂಜರವಾಗಿದ್ದು, ಅದನ್ನು 20ನೆಯ ಶತಮಾನದ ಆರಂಭದಲ್ಲಿ ಹುಡುಕಿ ತಂದವನು ಎತಿಯೆನ್ ತಿರಿಯು ಎಂಬ ಕ್ಷೌರಿಕ. ಪೇಟೆಯಲ್ಲಿ ಟವೆಲ್ಲಿನಿಂದ ಕೀಲಿಗೊಂಚಲಿನವರೆಗೆ ಎಲ್ಲೆಡೆ ಡೋಡೊ ಚಿತ್ರ ಕಾಣುತ್ತದೆ. ನಿಜವಾದ ಹಕ್ಕಿಯಲ್ಲಿ ಉಳಿದದ್ದು ಇಷ್ಟು.

ಬಂದರಿನ ಅಂಚಿನ ಕೋದಾನ್ ವಾಟರ್‌ಫ್ರಂಟ್ 1996ರಲ್ಲಿ ತೆರೆದ ಆಧುನಿಕ ಅಂಗಡಿ ಸಮುಚ್ಚಯ. ಇಲ್ಲಿ ಬೆಲೆ ನಿಗದಿತ, ನೆರಳು ಹೆಚ್ಚು, ಸ್ವಾರಸ್ಯ ಕಡಿಮೆ. ಇದರೊಳಗಿನ ಬ್ಲೂ ಪೆನ್ನಿ ಸಂಗ್ರಹಾಲಯ ಮಾತ್ರ ನೋಡಲೇಬೇಕಾದುದು. 1847ರಲ್ಲಿ ಮಾರಿಷಸ್ ಹೊರತಂದ ಒಂದು ಪೆನ್ನಿ ಮತ್ತು ಎರಡು ಪೆನ್ಸ್ ಅಂಚೆಚೀಟಿಗಳು ತಲಾ 500 ಮಾತ್ರ ಮುದ್ರಣಗೊಂಡಿದ್ದವು. ಉಳಿದಿರುವವು ಒಟ್ಟು ಮೂವತ್ತಕ್ಕಿಂತ ಕಡಿಮೆ. 'ಪೋಸ್ಟ್ ಪೇಯ್ಡ್' ಎಂದಿರಬೇಕಾದಲ್ಲಿ ಕೆತ್ತನೆಗಾರನು ಮರೆವಿನಿಂದ 'ಪೋಸ್ಟ್ ಆಫೀಸ್' ಎಂದು ಕೆತ್ತಿದನೆಂಬ ಕಥೆ ಜನಪ್ರಿಯವಾದರೂ ನಿಜವಲ್ಲ. 1993ರಲ್ಲಿ ಮಾರಿಷಸ್‌ನ ಉದ್ಯಮಗಳು ಸೇರಿ ಒಂದು ಜೊತೆಯನ್ನು ಹರಾಜಿನಲ್ಲಿ ಕೊಂಡು ತಾಯ್ನಾಡಿಗೆ ತಂದವು. ಬಣ್ಣ ಮಾಸದಂತೆ ಅಸಲು ಚೀಟಿಗಳ ಮೇಲೆ ಗಂಟೆಗೆ ಕೆಲವೇ ನಿಮಿಷ ಬೆಳಕು ಬಿಡುತ್ತಾರೆ. ಉಳಿದ ಹೊತ್ತಿನಲ್ಲಿ ಪ್ರತಿಕೃತಿ ಕಾಣುತ್ತದೆ. ಒಳಗೆ ಹೋಗುವ ಮುನ್ನ ಆ ವೇಳೆಯನ್ನು ವಿಚಾರಿಸಿಕೊಳ್ಳಬೇಕು.

ಸಂಜೆ

ಪ್ಲಾಸ್ ದಾರ್ಮ್ ಎಂಬ ತಾಳೆಮರಗಳ ಸಾಲುದಾರಿ ಬಂದರಿನಿಂದ ಸರ್ಕಾರಿ ಭವನದವರೆಗೆ ಹೋಗುತ್ತದೆ. ಒಂದು ತುದಿಯಲ್ಲಿ ಲಾಬೂರ್ದೊನೆಯ ಪ್ರತಿಮೆ, ಇನ್ನೊಂದರಲ್ಲಿ ವಿಕ್ಟೋರಿಯಾ ರಾಣಿಯದು. ಅಲ್ಲಿಂದ ಗುಡ್ಡವೇರಿದರೆ ಅಡಿಲೇಡ್ ಕೋಟೆ. ಗುಲಾಮಗಿರಿಯ ರದ್ದತಿಯನ್ನು ವಿರೋಧಿಸುತ್ತಿದ್ದ ಫ್ರೆಂಚ್ ತೋಟಗಾರರು ದಂಗೆಯೇಳಬಹುದೆಂಬ ಶಂಕೆಯಿಂದ ಬ್ರಿಟಿಷರು 1834ರಲ್ಲಿ ಇದರ ನಿರ್ಮಾಣವನ್ನು ಆರಂಭಿಸಿದರು; ಅದೇ ವರ್ಷ ಅಟ್ಲಾಸ್ ಹಡಗು ಬಂದದ್ದು. ಕೋಟೆಯ ಮೇಲಿನಿಂದ ಇಡೀ ಬಂದರು, ಹಿಂದೆ ಹೆಬ್ಬೆರಳಿನಂತೆ ನಿಂತ ಲೆ ಪೂಸ್ ಶಿಖರ, ಕೆಳಗೆ ಶಾಂ ದ ಮಾರ್ಸ್ ಕುದುರೆ ಪಂದ್ಯದ ಮೈದಾನ ಕಾಣುತ್ತವೆ. 1812ರಲ್ಲಿ ಆರಂಭವಾದ ಈ ಮೈದಾನ ದಕ್ಷಿಣ ಗೋಳಾರ್ಧದಲ್ಲಿಯೇ ಹಳೆಯದು. 1968ರಲ್ಲಿ ಸ್ವತಂತ್ರ ಮಾರಿಷಸ್‌ನ ಧ್ವಜ ಮೊದಲ ಬಾರಿಗೆ ಏರಿದ್ದೂ ಇಲ್ಲಿಯೇ.

ಸಂಜೆ ಐದರ ಸುಮಾರಿಗೆ ಕಚೇರಿಗಳೂ ಅಂಗಡಿಗಳೂ ಮುಚ್ಚಿ ನಗರ ಬೇಗನೆ ಬರಿದಾಗುತ್ತದೆ. ಕೋದಾನ್‌ನಲ್ಲಿ ಮಾತ್ರ ದೀಪಗಳಿರುತ್ತವೆ. ಭಾನುವಾರ ಮಾರುಕಟ್ಟೆ ಮಧ್ಯಾಹ್ನಕ್ಕೆ ಮುಗಿಯುವುದರಿಂದ ಆ ದಿನವನ್ನು ಆರಿಸದಿರುವುದು ಮೇಲು. ರಾತ್ರಿಯ ಬಸ್ಸುಗಳು ವಿರಳವಾದ್ದರಿಂದ ಉತ್ತರದ ದಂಡೆಗಳಿಗೆ ಹಿಂದಿರುಗುವವರು ಕತ್ತಲಾಗುವ ಮೊದಲೇ ಇಮಿಗ್ರೇಷನ್ ಸ್ಕ್ವೇರ್ ತಲುಪಬೇಕು. ನಿಲ್ದಾಣಕ್ಕೆ ಆ ಹೆಸರು ಬಂದದ್ದು ಪಕ್ಕದ ವಲಸೆ ಕೇಂದ್ರದಿಂದ.